ಹಿಂದಿನ ಸಾಲಿನವರಿಗೆ ಮೈಕು ಕೊಡಿ

ಪುಣೆಗೆ ಬಂದು ನೆಲೆಸಿದ ಮೇಲೆ ನನಗೆ ಉಪನ್ಯಾಸ ಕೇಳುವ ಚಟ ಹತ್ತಿತು. ಇಲ್ಲಿ ಬೇಸಿಗೆ ಬಂತೆಂದರೆ ವಸಂತ ವ್ಯಾಖ್ಯಾನಮಾಲೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1875ರಲ್ಲಿ ಶುರು ಮಾಡಿದ್ದು. ಇದಕ್ಕಾಗಿ ಮೈಸೂರಿನವರು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ನಮ್ಮ ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಹಳ್ಳಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ ಹೇಳುತ್ತಿದ್ದರು. ಆ ಭಾಷಣಗಳು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ವ್ಯತ್ಯಾಸ ಇರುವುದು ಭಾಷಣ ಮುಗಿದ ಮೇಲೆ.

ಊರಿಗೆ ಬಂದಾಗ ಮೈಸೂರಿನಲ್ಲಿ ವಿದ್ಯುತ್ ದರ ಮತ್ತು ಪರಿಸರ ಕಾನೂನಿನ ಬಗ್ಗೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಮಾತಾಡಿದವರು ವಿಷಯ ಅರೆದು ಕುಡಿದವರು. ಆದರೆ ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳ ಪರಿಚಯ, ಮೈಸೂರು ಪೇಟ, ಹಾರ, ಅಧ್ಯಕ್ಷರ ನುಡಿ ಎಲ್ಲ ಕಳೆದು ಪ್ರಶ್ನೆಗೆ ಉಳಿದದ್ದು ನಾಲ್ಕೈದು ನಿಮಿಷ. ಹಿಂದಿನ ಸಾಲಿನಿಂದ ಮಂಡ್ಯ ಕಡೆಯ ರೈತರೊಬ್ಬರು ಎದ್ದರು. “ಸಾ, ನಮ್ ಟಿಸಿ ಸುಟ್ಟೋದ್ರೆ ಎಷ್ಟು ದಿನದೊಳಗೆ ಬೇರೆ ಹಾಕ್ಕೊಡ್ಬೇಕು ಅಂತ ಕಾನೂನಲ್ಲಿ ಐತಾ?” ಟಿಸಿ ಅಂದರೆ ಊರಿನ ಕಂಬದ ಟ್ರಾನ್ಸ್‌ಫಾರ್ಮರ್. ನಿರೂಪಕರು, “ಯಜಮಾನ್ರೇ, ಅದನ್ನ ಆಮೇಲೆ ಮಾತಾಡೋಣ, ಕಾಫಿ ಆರ್ತಾ ಇದೆ” ಅಂದರು. ಜನ ನಕ್ಕರು. ವಂದನಾರ್ಪಣೆ ಆಯ್ತು.

ಆ ಸಂಜೆ ಯಾರಾದರೂ ಕಾನೂನಿನ ಪ್ರಶ್ನೆ ಕೇಳಿದ್ದರೆ ಅದು ಅವರೊಬ್ಬರೇ. ಉತ್ತರವೂ ಇದೆ. ಕರೆಂಟಿನ ದರ ನಿಗದಿ ಮಾಡುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮದ ಪ್ರಕಾರ ಸುಟ್ಟ ಟಿಸಿಯನ್ನು ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕು. ತಡವಾದರೆ ಗ್ರಾಹಕರು ಪರಿಹಾರ ಕೇಳಬಹುದು. ಕಬ್ಬು ಒಣಗುವುದನ್ನು ನೋಡುತ್ತಾ ನಿಂತವರಿಗೆ ಇಂಧನ ನೀತಿ ಅಂದರೆ ಇದೇ ಅಲ್ವಾ?

ಪುಣೆಯಲ್ಲಿ ಇಂಥ ಸಭೆಗೆ ಬರುವ ಹಿರಿಯರ ಕೈಯಲ್ಲಿ ಫೈಲ್ ಇರುತ್ತದೆ. ಒಳಗೆ ಬಿಲ್ಲು, ಪೇಪರ್ ಕಟಿಂಗ್, ದರ ಅರ್ಜಿಯ (ದರ ನಿಗದಿಗೆ ವಿದ್ಯುತ್ ಕಂಪನಿ ಆಯೋಗಕ್ಕೆ ಕೊಡುವ ಅರ್ಜಿ) ಜೆರಾಕ್ಸ್. ಪುಟದ ನಂಬರ್ ಹೇಳಿ ಭಾಷಣಕಾರರನ್ನು ತಡೆಯುತ್ತಾರೆ. ಒಮ್ಮೊಮ್ಮೆ ಇದು ಜಾಸ್ತಿಯಾಗಿ, ಪ್ರಶ್ನೆ ಕೇಳಲು ಎದ್ದವರೇ ಇನ್ನೊಂದು ಉಪನ್ಯಾಸ ಕೊಡುವುದೂ ಉಂಟು! ಆದರೆ ಆ ಅಭ್ಯಾಸ ಸುಮ್ನೆ ಬಂದದ್ದಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ, ಗ್ರಾಹಕರ ಪರವಾಗಿ ವಾದಿಸಲು ಆಯೋಗ ಪ್ರತಿನಿಧಿಗಳನ್ನು ನೇಮಿಸಬಹುದು. ಮಹಾರಾಷ್ಟ್ರದ ಆಯೋಗ ಹಾಗೆ ನೇಮಿಸಿದ ಸಂಸ್ಥೆಗಳಲ್ಲಿ ಇಂಧನ ವಿಷಯದಲ್ಲಿ ಕೆಲಸ ಮಾಡುವ ಪುಣೆಯ ಸ್ವಯಂಸೇವಾ ಸಂಸ್ಥೆ ‘ಪ್ರಯಾಸ್’ ಒಂದು. 2006ರಲ್ಲಿ ಲೋಡ್ ಶೆಡ್ಡಿಂಗ್ ತಪ್ಪಿಸಲು ಇಲ್ಲಿನ ಕಾರ್ಖಾನೆಗಳು ಸ್ವಂತ ಜನರೇಟರ್ ಓಡಿಸಿ ಊರಿಗೆ ಕರೆಂಟು ಬಿಟ್ಟುಕೊಟ್ಟವು. ಅದರ ಹೆಚ್ಚುವರಿ ಖರ್ಚು ಯಾರು ಹೊರಬೇಕು ಅನ್ನುವುದನ್ನು ಆಯೋಗ ಸಾರ್ವಜನಿಕ ವಿಚಾರಣೆ ಮಾಡಿಯೇ ತೀರ್ಮಾನಿಸಿತು. ಒಂದು ಕೊರತೆ ಮಾತ್ರ ಇಲ್ಲೂ ಇದೆ. ನಾನು ಹೋಗುವ ಸಭೆಗಳಲ್ಲಿ ಹೆಚ್ಚಿನವರು ಪೇಟೆಯ ನಿವೃತ್ತರು. ಪಂಪ್‌ಸೆಟ್ ಇರುವವರು ಕಾಣುವುದೇ ಅಪರೂಪ.

ಮೈಸೂರಿನ ಸಭೆಗೆ ಅವರು ಬರುತ್ತಾರೆ, ನೋಡಿ. ಅದೇ ನಮ್ಮ ಕಡೆಯ ದೊಡ್ಡ ಆಸ್ತಿ.

ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರ್ನಾಟಕದಲ್ಲಿ ಕರೆಂಟು ಉಚಿತ. ದುಡ್ಡು ಸರ್ಕಾರ ಕೊಡುತ್ತದೆ. ಬಿಲ್ಲೇ ಬಾರದ ಮೇಲೆ ದರದ ಗೊಡವೆ ನಮಗ್ಯಾಕೆ ಅಂತ ರೈತರಿಗೆ ಅನಿಸುವುದು ಸಹಜ. ಆದರೆ ಬಹಳಷ್ಟು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಅವು ಎಷ್ಟು ಯೂನಿಟ್ ಎಳೆದವು ಅನ್ನುವುದು ಅಂದಾಜು. ಆ ಅಂದಾಜು ಹೆಚ್ಚಾದಷ್ಟೂ ಲೈನ್‌ನಲ್ಲಿ ಸೋರಿಹೋದ ಲೆಕ್ಕ ಕಡಿಮೆ ಕಾಣುತ್ತದೆ, ಸರ್ಕಾರದ ಸಬ್ಸಿಡಿ ಏರುತ್ತದೆ. ಪಂಪು ಓಡಲು ಬೇಕಾದ ಥ್ರೀ ಫೇಸ್ ಕರೆಂಟು ನಿಜವಾಗಿ ಎಷ್ಟು ಗಂಟೆ ಬಂತು, ಯಾವ ತಿಂಗಳು ಮೋಟರ್ ಓಡಲೇ ಇಲ್ಲ ಅನ್ನುವುದು ಗೊತ್ತಿರುವುದು ಗದ್ದೆಯಲ್ಲಿ ಇರುವವರಿಗೆ. ಎಷ್ಟೇ ಓದಿದ ಭಾಷಣಕಾರರಾದರೂ ಅದನ್ನು ಅವರ ಬಾಯಿಂದಲೇ ಕೇಳಬೇಕು.

ನಮ್ಮವರಿಗೆ ಪ್ರಶ್ನಿಸುವುದು ಗೊತ್ತಿಲ್ಲ ಅಂತಲ್ಲ. ಚಾಮುಂಡಿ ಬೆಟ್ಟದ ರೋಪ್‌ವೇಗೆ ಎಷ್ಟು ಗಟ್ಟಿಯಾಗಿ ಬೇಡ ಅಂದರು! ಕೆಆರ್‌ಎಸ್ ಅಣೆಕಟ್ಟೆ ಹತ್ತಿರದ ಬೇಬಿ ಬೆಟ್ಟದ ಗಣಿಗಾರಿಕೆ, ಟ್ರಯಲ್ ಬ್ಲಾಸ್ಟ್ (ಪರೀಕ್ಷಾರ್ಥ ಸ್ಫೋಟ) ವಿಷಯದಲ್ಲೂ ಸುತ್ತಲಿನ ಜನ ಬೀದಿಗಿಳಿದರು. ಬೀದಿಯಲ್ಲಿ ಗಟ್ಟಿ ಇರುವ ದನಿ ಅರ್ಜಿ, ಆಕ್ಷೇಪಣೆ ಅಂದಾಕ್ಷಣ ಮೆತ್ತಗಾಗುತ್ತದೆ.

ಹಾಗಾಗಿ ಉಪನ್ಯಾಸದ ದಿನವನ್ನು ಸಭಾಂಗಣ ಖಾಲಿ ಇರುವ ದಿನ ನೋಡಿ ಇಡಬಾರದು. ಕಾನೂನಿನ ಕ್ಯಾಲೆಂಡರ್ ನೋಡಿ ಇಡಬೇಕು. ದರ ಅರ್ಜಿ ಬಂದ ಮೇಲೆ, ಜನರ ಆಕ್ಷೇಪಣೆ ಪರಿಗಣಿಸಿ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು ಅನ್ನುತ್ತದೆ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್. ಪರಿಸರ ಪರಿಣಾಮದ 2006ರ ಅಧಿಸೂಚನೆ ಪ್ರಕಾರ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಕೊನೆಗೆ ಜನ ಎತ್ತಿದ ವಿಷಯಗಳನ್ನು ಅಲ್ಲೇ ಓದಿ ಹೇಳಬೇಕು. ನಮ್ಮ ಉಪನ್ಯಾಸ ಈ ದಿನಗಳ ನಡುವೆ ಬಿದ್ದರೆ ಕೇಳಿದ್ದನ್ನು ಬರೆದು ಕಳಿಸಬಹುದು. ಆದೇಶ ಹೊರಬಿದ್ದ ಮೇಲೆ ಕೇಳಿ ಏನು ಮಾಡೋಣ?

ಜಾಗವೂ ಮೈಸೂರೇ ಆಗಬೇಕೆಂದಿಲ್ಲ. ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಡೈರಿ ಕಟ್ಟಡದ ಮುಂದೆ ಸಂಜೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಇಟ್ಟರೆ ಜನ ಅಲ್ಲೇ ಇರುತ್ತಾರೆ. ಮೊದಲ ಅರ್ಧ ಗಂಟೆ ಅವರೇ ಮಾತಾಡಲಿ. ಭಾಷಣಕಾರರು ಬರೆದುಕೊಳ್ಳಲಿ. ಹೋಗುವ ಮೊದಲು ಆಕ್ಷೇಪಣೆ ಬರೆಯಲು ಬರುವ ಇಬ್ಬರು ಹುಡುಗರನ್ನು ಕೂರಿಸಿ, ಸಹಿ ಹಾಕಿಸಿ ಕಳಿಸಿದರೆ ಸಾಕು.