ಅತ್ತೆಯನ್ನು ಯಾಕೆ ಎಬ್ಬಿಸಲಿಲ್ಲ?

ಮೊನ್ನೆ ಮ್ಯಾಂಚೆಸ್ಟರಿನ ನಮ್ಮ ಬೀದಿ ತುದಿಯಲ್ಲಿ ಪಕ್ಕದ ಮನೆ ಅಜ್ಜಿ ಕೈಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ನೋಡಿ ಖುಷಿಯಾಯಿತು. ಹಿಂದೆಯೇ ಕರುಳು ಚುರುಕ್ ಎಂದಿತು. ಅದೇ ಬೆಳಿಗ್ಗೆ ಅರಸೀಕೆರೆಗೆ ಫೋನ್ ಮಾಡಿದ್ದೆ. ನಮ್ಮ ಸೋದರತ್ತೆ ಈಗಲೂ ವಾಕರ್ ಹಿಡಿದೇ ನಡುಮನೆಯಿಂದ ಬಚ್ಚಲಿಗೆ ಹೋಗಿ ಬರುತ್ತಾರೆ. ಹೊಸಿಲು ದಾಟಿಲ್ಲ.

ಇಬ್ಬರೂ ಬಿದ್ದದ್ದು 2020ರ ಏಪ್ರಿಲ್‌ನಲ್ಲಿ. ಇಬ್ಬರಿಗೂ ಮುರಿದದ್ದು ಸೊಂಟದ ಹತ್ತಿರ, ತೊಡೆ ಮೂಳೆಯ ಮೇಲ್ತುದಿ. ಆಗ ಲಾಕ್‌ಡೌನ್, ಎರಡೂ ಕಡೆ ರಸ್ತೆ ಬಿಕೋ ಅನ್ನುತ್ತಿತ್ತು. ನಮ್ಮ ದೇಶದಲ್ಲಿ 2019ರಲ್ಲಿ ರಸ್ತೆ ಅಪಘಾತಕ್ಕೆ 1,51,113 ಜನ ಬಲಿಯಾಗಿದ್ದರು. 2020ರಲ್ಲಿ 1,31,714. ಬೈಕಿನಿಂದ ಬಿದ್ದು ಕೈಕಾಲು ಮುರಿದುಕೊಳ್ಳುವವರು ಕಡಿಮೆಯಾದರು. ವಯಸ್ಸಾದವರು ಮನೆಯೊಳಗೇ ಜಾರಿ ಬೀಳುವುದು ಮಾತ್ರ ನಿಲ್ಲಲಿಲ್ಲ. ಅತ್ತೆ ಬಿದ್ದದ್ದು ಹಂಡೆಯಿಂದ ನೀರು ತೋಡುವಾಗ.

ಇಂಗ್ಲೆಂಡಿನಲ್ಲಿ ಈ ಮೂಳೆ ಮುರಿದರೆ 36 ಗಂಟೆಯೊಳಗೆ ಆಪರೇಷನ್ ಆಗಬೇಕು ಅನ್ನುವ ಗುರಿ ಇದೆ. ಯಾವ ಆಸ್ಪತ್ರೆ ಎಷ್ಟು ತಡ ಮಾಡಿತು ಅನ್ನುವ ಲೆಕ್ಕವನ್ನೂ 2007ರಿಂದ ಇಟ್ಟಿದ್ದಾರೆ. ಅಜ್ಜಿಗೆ ಆಪರೇಷನ್ ಆದ ಮಾರನೇ ದಿನವೇ ಫಿಸಿಯೋದವರು ಬಂದು ಎಬ್ಬಿಸಿ ನಿಲ್ಲಿಸಿದರಂತೆ. ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಹಸಿ ಗಾಯ, ಆ ವಯಸ್ಸು, ಇದೆಂಥ ಕಲ್ಲು ಮನಸ್ಸು ಅಂತ. ಆಮೇಲೆ ತಿಳಿಯಿತು. ಮಲಗಿದಷ್ಟೂ ಕಾಲಿನ ಕಸುವು ಹೋಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ.

ಅತ್ತೆಗೆ ಗಾಡಿ ಸಿಗಲು ಒಂದು ದಿನ, ಕೋವಿಡ್ ರಿಪೋರ್ಟ್ ಬರಲು ಮತ್ತೆರಡು ದಿನ. ರಾಡ್ ಹಾಕಿದ್ದು ಆರನೇ ದಿನ. ಅದು ಲಾಕ್‌ಡೌನ್ ತಂದ ಕಷ್ಟ, ಒಪ್ಪುತ್ತೇನೆ. ಮನೆಗೆ ಬಂದ ಮೇಲಿನದು ನಮ್ಮದೇ ತಪ್ಪು. ನಡೆಸಿ ಅಂತ ಡಾಕ್ಟರ್ ಹೇಳಿ ಕಳಿಸಿದ್ದರು. ಬೀದಿಯವರೆಲ್ಲ ಕಿಟಕಿಯಿಂದಲೇ, "ಮೂಳೆ ಕೂಡೋವರೆಗೂ ಅಲುಗಾಡಿಸ್ಬೇಡಿ" ಅಂದರು. ನಾನೂ ವಿಡಿಯೋ ಕಾಲ್‌ನಲ್ಲಿ, "ಅತ್ತೆ, ಸುಮ್ನೆ ಮಲ್ಕೊಳ್ಳಿ" ಅಂದೆ. ಮೂರು ತಿಂಗಳು ಮಲಗಿಸಿಯೇ ಬಿಟ್ಟೆವು. ತೊಡೆ ಕೈಯಷ್ಟು ಸಣ್ಣದಾಯಿತು. ನೋವಾಗುತ್ತದೆ ಅಂತ ಏಳಿಸದೆ ಇರುವುದನ್ನೇ ನಾವು ಪ್ರೀತಿ ಅಂದುಕೊಂಡಿದ್ದೇವೆ. ಇದನ್ನು ಮೊದಲು ಬಿಡಬೇಕು.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಮೂರು ತಿಂಗಳು ಅತ್ತೆಯ ಸೊಸೆ ರಾತ್ರಿ ಎರಡೆರಡು ಸಲ ಎದ್ದು ಮಗ್ಗುಲು ಬದಲಿಸಿದರು. ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಇಲ್ಲಿ ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಜ್ಜಿ ಅಷ್ಟೂ ದಿನ ಒಬ್ಬರೇ ಇದ್ದರು. ಮನೆಗೆ ಬಂದ ಮೇಲೂ ಬಾಗಿಲಲ್ಲಿ ಹಾಲಿನ ಡಬ್ಬಿ ಇಟ್ಟು ನಾನು ಹಿಂದೆ ಸರಿಯಬೇಕಿತ್ತು.

ಅಜ್ಜಿ ಬಸ್ಸು ಹತ್ತಿದ್ದನ್ನು ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಅವ್ರಿಗೆ ಅಡುಗೆ ಯಾರು ಮಾಡ್ತಾರಪ್ಪ?"