ತಳ್ಳುಗಾಡಿ ತಿಂಡಿಯ ಫಾರ್ವರ್ಡ್: ಸತ್ಯಾಂಶ ಏನು?

ವಾಟ್ಸಾಪ್‌ನಲ್ಲಿ ಆಗಾಗ ಬರುವ ಮಾತಿದು: "ಫುಟ್‌ಪಾತ್‌ನಲ್ಲಿ ತಿಂಡಿ ಮಾರುವವರೆಲ್ಲ ಅಕ್ರಮ. ಅವರನ್ನು ಎಬ್ಬಿಸಿದರೆ ಸ್ಲಂ ಜನ ಮನೆಯಲ್ಲೇ ಅಡುಗೆ ಮಾಡಿಕೊಂಡು ಆರೋಗ್ಯವಾಗಿರುತ್ತಾರೆ."

ಮೊದಲ ಮಾತೇ ತಪ್ಪು. ಬೀದಿ ವ್ಯಾಪಾರವೂ ಸಂವಿಧಾನದ ಹಕ್ಕು, ಆದರೆ ನಿಯಮಗಳಿಗೆ ಒಳಪಟ್ಟದ್ದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2014ರಲ್ಲಿ ಬೀದಿ ವ್ಯಾಪಾರಿಗಳಿಗೆಂದೇ ಕಾಯ್ದೆ ಬಂತು. ಅದರ ಪ್ರಕಾರ, ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ಅವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಈಗಾಗಲೇ ಇರುವವರನ್ನು ಎತ್ತಂಗಡಿ ಮಾಡುವಂತಿಲ್ಲ. ಆಮೇಲೂ 30 ದಿನದ ನೋಟಿಸ್ ಬೇಕು. ಜಾರಿ ಹೇಗಿದೆ ಅನ್ನೋದು ಬೇರೆ ಕತೆ, ಬಿಡಿ. ಹಾಗಂತ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಬಹುದು ಅಂತಲ್ಲ. ವ್ಯಾಪಾರ ನಿಷೇಧಿತ ಜಾಗಗಳೂ ಇರುತ್ತವೆ.

ಇನ್ನು ಮನೆ ಅಡುಗೆ. ಬೆಂಗಳೂರಿನ ಸ್ಲಂಗಳಲ್ಲಿ ಎಷ್ಟೋ ಮನೆ ಅಂದರೆ ಒಂದೇ ಕೋಣೆ. ನಲ್ಲಿ ನೀರು ಬರುವ ಹೊತ್ತು ಗೊತ್ತಿಲ್ಲ. ಗ್ಯಾಸ್ ಸಿಲಿಂಡರ್‌ಗೆ ಒಟ್ಟಿಗೆ ದುಡ್ಡು ಹೊಂದಿಸಬೇಕು, ಕೂಲಿ ಬರುವುದು ದಿನದ ಲೆಕ್ಕದಲ್ಲಿ. ಬೆಳಗ್ಗೆ ಬೇಗ ಗಾರೆ ಕೆಲಸಕ್ಕೋ ಮನೆಗೆಲಸಕ್ಕೋ ಹೊರಡುವವರು ಒಲೆ ಹಚ್ಚುವುದು ಯಾವಾಗ? ಗಾಡಿಯಲ್ಲಿ ಎರಡು ಇಡ್ಲಿ ಮಾತ್ರ ಕೊಳ್ಳಬಹುದು. ಗುರುತಿನವರಾದರೆ ಸಾಲವೂ ಸಿಗುತ್ತದೆ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತಾ? ಮಾರುವವರೂ ಎಷ್ಟೋ ಸಲ ಅದೇ ಬೀದಿಯ ಹೆಂಗಸರೇ. ಗಾಡಿ ಎತ್ತಿಸಿದರೆ ಒಬ್ಬರ ಊಟದ ಜೊತೆ ಇನ್ನೊಬ್ಬರ ದುಡಿಮೆಯೂ ಹೋಗುತ್ತದೆ.

ಶುಚಿತ್ವದ ಆತಂಕ ಮಾತ್ರ ಸುಳ್ಳಲ್ಲ. ಕೊಳಕು ನೀರು, ತೊಳೆಯದ ಕೈ, ಮುಚ್ಚದ ಚಟ್ನಿಯಿಂದ ಹೊಟ್ಟೆ ಕೆಡುತ್ತದೆ. ಆದರೆ ಅದೇ ನೀರು ಮನೆಯ ಕೊಡದಲ್ಲೂ ಇರುತ್ತದೆ ಅಲ್ವಾ? ಗಾಡಿಗಳ ಹತ್ತಿರ ಒಳ್ಳೆ ನಲ್ಲಿ, ಕಸದ ತೊಟ್ಟಿ, ಶೌಚಾಲಯ ಇದ್ದರೆ ಆ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ.