ಒಟಿಪಿ ಬಂದಾಗ ಪೂರ್ತಿ ಮೆಸೇಜ್ ಓದ್ರಪ್ಪಾ

ಹೋದ ಸೇಲ್ ಟೈಮಲ್ಲಿ ನಮ್ಮಕ್ಕ ದುಡ್ಡು ಕಳ್ಕೊಂಡ್ಲು. ಇದನ್ನ ಬರೀಲಾ ಅಂತ ಅವಳನ್ನೇ ಕೇಳ್ದೆ, ಬರಿ, ಇನ್ನೊಬ್ರಿಗಾದ್ರೂ ಉಪಯೋಗ ಆಗ್ಲಿ ಅಂದ್ಲು, ಅದಕ್ಕೇ ಬರೀತಿದೀನಿ.

ಅಕ್ಕ ದುರಾಸೆಗೆ ಬಿದ್ದೋಳಲ್ಲ, ತೊಂಬತ್ತು ಪರ್ಸೆಂಟ್ ಡಿಸ್ಕೌಂಟ್ ಅಂದ್ರೆ ಹತ್ರಾನೂ ಹೋಗಲ್ಲ. ಸರಿಯಾದ ಆ್ಯಪಲ್ಲೇ ಮೂರು ಸಾಮಾನು ಆರ್ಡರ್ ಮಾಡಿದ್ಲು, ಎರಡು ಬಂದಿತ್ತು, ಮೂರನೇದಕ್ಕೆ ಕಾಯ್ತಿದ್ಲು. ಆಗ ಬಂತು ಮೆಸೇಜು, ನಿಮ್ಮ ಪಾರ್ಸೆಲ್ ಅಡ್ರೆಸ್ ಸರಿ ಇಲ್ಲ, ಮತ್ತೆ ಡೆಲಿವರಿ ಮಾಡೋಕೆ ಸಣ್ಣ ಚಾರ್ಜ್ ಕಟ್ಟಿ ಅಂತ, ಕೆಳಗೊಂದು ಲಿಂಕು. ಕಳಿಸಿದೋನಿಗೆ ಅವಳು ಯಾರು, ಏನು ತಗೊಂಡಿದ್ದಾಳೆ ಅಂತ ಗೊತ್ತಿರಬೇಕಾದ್ದೇ ಇಲ್ಲ, ಸೇಲ್ ಟೈಮಲ್ಲಿ ಒಂದೇ ಮೆಸೇಜನ್ನ ಸಾವಿರಾರು ನಂಬರಿಗೆ ಬಿಟ್ರೆ ಪಾರ್ಸೆಲ್ ಕಾಯ್ತಿರೋರು ಸಿಕ್ಕೇ ಸಿಗ್ತಾರೆ.

ಲಿಂಕ್ ಒತ್ತಿ ಕಾರ್ಡ್ ನಂಬರ್ ಹಾಕಿದ್ಲು, ಒಟಿಪಿ ಬಂತು, ಅದನ್ನೂ ಹಾಕಿದ್ಲು. ಆಮೇಲೆ ನಾನು ಆ ಮೆಸೇಜ್ ತೆಗೆದು ನೋಡ್ದೆ, ಹೊಟ್ಟೆ ಉರೀತು. ಬ್ಯಾಂಕು ಅದ್ರಲ್ಲೇ ಸ್ಪಷ್ಟವಾಗಿ ಬರೆದಿತ್ತು, ಇಷ್ಟು ದುಡ್ಡು, ಇಂಥೋರಿಗೆ ಅಂತ. ಹೆಸರು ಎಂದೂ ಕೇಳಿಲ್ಲದ್ದು, ಮೊತ್ತ ಅವಳ ಅರ್ಧ ತಿಂಗಳ ಸಂಬಳ. ಆದ್ರೆ ಒಟಿಪಿ ಬಂದಾಗ ನಮ್ಮ ಕಣ್ಣು ಹೋಗೋದು ಅಂಕಿಗೆ ಮಾತ್ರ. ಈಗಂತೂ ಎಷ್ಟೋ ಫೋನಲ್ಲಿ ಅಂಕಿ ಕೀಬೋರ್ಡ್ ಮೇಲೇ ಬಂದು ಕೂರತ್ತೆ, ಮೆಸೇಜ್ ತೆಗೆಯೋ ಕೆಲಸಾನೇ ಇಲ್ಲ.

ಅವತ್ತಿಂದ ನನಗನ್ಸಿದ್ದು ಇದೇ, ಈ ಕಳ್ಳರ ಹೊಟ್ಟೆ ತುಂಬ್ತಿರೋದು ನಾವು ಓದದೇ ಬಿಟ್ಟ ಸಾಲುಗಳಿಂದ.

ವೆಬ್‌ಸೈಟ್ ಅಡ್ರೆಸ್ಸೂ ಹಾಗೇ. ಅದ್ರಲ್ಲೆಲ್ಲೋ ಗೊತ್ತಿರೋ ಕಂಪನಿ ಹೆಸರು ಕಂಡ್ರೆ ಸಾಕು, ನಂಬಿಬಿಡ್ತೀವಿ. ಡಾಟ್ ಕಾಮ್ ಅಂತಿರತ್ತಲ್ಲ, ಅದಾದ್ಮೇಲೆ ಒಂದು ಓರೆ ಗೀಟು (/) ಇರತ್ತೆ ಇಲ್ಲಾಂದ್ರೆ ಅಡ್ರೆಸ್ ಅಲ್ಲಿಗೇ ಮುಗಿಯತ್ತೆ, ಅಲ್ಲಿ ಡಾಟ್ ಕಾಮ್‌ಗೆ ಎಡಗಡೆ ಅಂಟಿಕೊಂಡಿರೋ ಹೆಸರೇ ಅಸಲಿ ಯಜಮಾನಂದು, ಅದಕ್ಕೂ ಹಿಂದೆ ಚುಕ್ಕಿ ಇಟ್ಟು ಯಾವ ಕಂಪನಿ ಹೆಸರು ಬೇಕಾದ್ರೂ ಯಾರು ಬೇಕಾದ್ರೂ ಸೇರಿಸ್ಕೋಬಹುದು. ಫೋನಲ್ಲಿ ಪೂರ್ತಿ ಕಾಣಲ್ಲ, ಅಡ್ರೆಸ್ ಮೇಲೆ ಒತ್ತಿ ನೋಡಬೇಕು. ಬೀಗದ ಗುರುತು ಇದ್ರೆ ಸೇಫ್ ಅನ್ನೋದು ಹಳೇ ಮಾತು. ನೀವು ಕಳಿಸೋದನ್ನ ದಾರೀಲಿ ಬೇರೆಯವ್ರು ಓದೋಕಾಗಲ್ಲ ಅಂತ ಮಾತ್ರ ಆ ಬೀಗದ ಅರ್ಥ, ಆ ಕಡೆ ಕೂತಿರೋನು ಕಳ್ಳನೇ ಆದ್ರೆ ಏನು ಪ್ರಯೋಜನ? 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಆ ಬೀಗ ಬರೋಕೆ ಬೇಕಾದ ಸರ್ಟಿಫಿಕೇಟನ್ನ ಫ್ರೀಯಾಗೇ ಕೊಡ್ತಿದೆ, ಒಳ್ಳೇ ಕೆಲಸಾನೇ, ಆದ್ರೆ ಮೋಸ ಮಾಡೋನಿಗೂ ಸಿಗತ್ತೆ. ಜನ ತಪ್ಪು ತಿಳ್ಕೋತಿದಾರೆ ಅಂತಾನೇ 2023ರಲ್ಲಿ ಗೂಗಲ್‌ನವ್ರು ಕ್ರೋಮಲ್ಲಿ ಬೀಗ ತೆಗೆದು ಬೇರೆ ಗುರುತು ಹಾಕಿದ್ರು. ಪಾಸ್‌ವರ್ಡ್ ಮ್ಯಾನೇಜರ್ ಇಟ್ಕೊಳ್ಳಿ, ಅಂದ್ರೆ ಪಾಸ್‌ವರ್ಡ್ ನೆನಪಿಟ್ಟು ಅದೇ ಅಡ್ರೆಸ್ ಕಂಡಾಗ ತುಂಬೋ ಆ್ಯಪ್, ಯಾವತ್ತೂ ತಾನಾಗೇ ತುಂಬೋದು ಇವತ್ತು ಯಾಕೋ ತುಂಬ್ತಿಲ್ಲ ಅಂದ್ರೆ ಅಡ್ರೆಸ್ ಇನ್ನೊಂದ್ಸಲ ನೋಡಿ.

ನಿಜವಾದ ಅಂಗಡಿಗಳ ಮೇಲೂ ನನಗೆ ಸಿಟ್ಟಿದೆ. ಇನ್ನು ಹತ್ತೇ ನಿಮಿಷ, ಇನ್ನು ಎರಡೇ ಪೀಸು ಅಂತ ನಮಗೆ ಅವಸರ ಕಲಿಸಿದ್ದೇ ಅವರು. 2019ರಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿಯ ಸಂಶೋಧಕರು ಸುಮಾರು 11,000 ಶಾಪಿಂಗ್ ಸೈಟ್ ಜಾಲಾಡಿದಾಗ ಗಿರಾಕಿಗಳನ್ನ ಒತ್ತಡಕ್ಕೆ, ಮರುಳಿಗೆ ಬೀಳ್ಸೋ ಇಂಥ ಟ್ರಿಕ್ಕುಗಳು 1,818 ಸಿಕ್ವು, ಕೆಲವು ಕಡೆ ಟೈಮರ್ ಸೊನ್ನೆಗೆ ಬಂದ್ರೂ ಆಫರ್ ಹಾಗೇ ಇತ್ತಂತೆ. ಇಂಥದ್ರಲ್ಲಿ ಪಳಗಿದ ಬೆರಳು ಕಳ್ಳನ ಲಿಂಕನ್ನೂ ಅಷ್ಟೇ ಬೇಗ ಒತ್ತತ್ತೆ.

ಇನ್ನೊಂದು ಮಾತು ಹೇಳ್ಲೇಬೇಕು. ಅಕ್ಕ ಎರಡು ದಿನ ಯಾರಿಗೂ ಹೇಳ್ಲಿಲ್ಲ. ಹೇಳಿದಾಗ ನನ್ನ ಬಾಯಿಂದ ಮೊದಲು ಬಂದಿದ್ದು "ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?" ಅಂತ. ಅದು ನಂದೇ ತಪ್ಪು, ಇವತ್ತಿಗೂ ಬೇಜಾರಿದೆ. ಹೀಗೆ ಬೈತೀವಿ ಅಂತಾನೇ ಮನೆಯವರು ಮುಚ್ಚಿಡೋದು, ಆ ಎರಡು ದಿನದಲ್ಲಿ ಕಾರ್ಡಿಂದ ಇನ್ನೊಂದ್ಸಲ ದುಡ್ಡು ಹೋಗಿತ್ತು. ಕಾರ್ಡಲ್ಲಿ ಕಟ್ಟಿದ ದುಡ್ಡಿಗೆ ಬ್ಯಾಂಕಲ್ಲಿ ತಕರಾರು ಹಾಕೋ ದಾರಿಯಾದ್ರೂ ಇದೆ, ಗಿಫ್ಟ್ ಕಾರ್ಡೋ ಕ್ರಿಪ್ಟೋನೋ ಕೊಟ್ಟಿದ್ರೆ ವಾಪಸ್ ಬರೋದು ತೀರಾ ಕಷ್ಟ.

ಹಾಗಾಗಿ ಯಾರಾದ್ರೂ ಬಂದು ಹೀಗಾಯ್ತು ಅಂದ್ರೆ ಬೈಬೇಡಿ, ಮೊದ್ಲು ಬ್ಯಾಂಕ್ ಆ್ಯಪಲ್ಲಿ ಕಾರ್ಡ್ ಬ್ಲಾಕ್ ಮಾಡ್ಸಿ, ಆಮೇಲೆ ಫೋನ್ ಮಾಡ್ಸಿ. ನಂಬರ್ ಕಾರ್ಡಿನ ಹಿಂದೇನೇ ಇರತ್ತೆ, ಗಾಬರೀಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕೋಕೆ ಹೋಗ್ಬೇಡಿ, ಅಲ್ಲೂ ಕಳ್ಳರು ತಮ್ಮ ನಂಬರ್ ಹಾಕಿಟ್ಟಿರ್ತಾರೆ.